ಸಂಪಿಗೆಕೊಪ್ಪಲಿನ ಕಾಗದದ ಕೆರೆ

ಸುಚಿತ್ರಾ ಸಿವಿಲ್ ಇಂಜಿನಿಯರಿಂಗನ್ನು ಆರಿಸಿಕೊಂಡವಳಲ್ಲ. ಅದು ಮಿಕ್ಕಿತ್ತು, ತೆಗೆದುಕೊಂಡಳು. 1998ರಲ್ಲಿ ಸೀಟು ಹಂಚುವ ದಿನ ಅವಳ ರ‍್ಯಾಂಕಿನ ಸರದಿ ಬರುವಷ್ಟರಲ್ಲಿ ಕಂಪ್ಯೂಟರ್ ಮುಗಿದಿತ್ತು, ಎಲೆಕ್ಟ್ರಾನಿಕ್ಸ್ ಮುಗಿದಿತ್ತು. ಕೊನೆಯ ಪಂಕ್ತಿಯಲ್ಲಿ ಕೂತವರ ಎಲೆಗೆ ಪಾಯಸ ಬರದೆ ಅನ್ನ ಸಾರು ಮಾತ್ರ ಬರುವ ಹಾಗೆ ಅವಳ ಪಾಲಿಗೆ ಸಿವಿಲ್ ಬಂತು. ಜೊತೆಗೆ ಹೋಗಿದ್ದ ಅಪ್ಪ ಕೃಷ್ಣಪ್ಪ, ದೋಣಿಗಲ್ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಇದನ್ನು ಸೋಲೆಂದು ಒಪ್ಪಲಿಲ್ಲ. "ಜನ ಮನೆ ಕಟ್ಟೋ ತನಕ ಸಿವಿಲ್‌ಗೆ ಸಾವಿಲ್ಲ ಕಣೇ" ಅಂದರು.

ಅವರ ಮಾತಿಗೆ ಆಧಾರವಿತ್ತು. ಅದಕ್ಕೆ ಮೂರ್ನಾಲ್ಕು ವರ್ಷದ ಹಿಂದೆ ಕಾಫಿಗೆ ಬಂದ ಬೆಲೆಗೆ ಸಕಲೇಶಪುರದ ಸುತ್ತ ಎಲ್ಲರೂ ಮನೆ ಕಟ್ಟಿದ್ದರು. ಅಷ್ಟು ಮಳೆಯ ಊರಿನಲ್ಲಿ ಹೆಂಚು ಇಳಿಸಿ ಚಪ್ಪಟೆ ತಾರಸಿ ಹಾಕಿಸಿ, ಮುಂದಿನ ಜೂನ್‌ನಲ್ಲಿ ಅದು ಸೋರಿದ ಮೇಲೆ ತಾರಸಿಯ ಮೇಲೆ ಮತ್ತೆ ಹೆಂಚು ಹೊದೆಸಿದ್ದರು. ಒಂದೇ ಮನೆಗೆ ಎರಡು ಮಾಡು ಕಟ್ಟಿಸುವ ಜನ ಇರುವಾಗ ಇಂಜಿನಿಯರ್ ಉಪವಾಸ ಬೀಳುವ ಮಾತೆಲ್ಲಿ ಬಂತು ಎಂಬುದು ಕೃಷ್ಣಪ್ಪನವರ ಲೆಕ್ಕ. ಮಗಳು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಕಾಫಿ ಬೆಲೆ ನೆಲ ಕಚ್ಚಿತು. ಜನ ಒಂದು ಮಾಡಿನ ಮನೆಯನ್ನೂ ಕಟ್ಟುವುದು ನಿಲ್ಲಿಸಿದರು.

ಹಾಸನದ ಕಾಲೇಜಿಗೆ ಅವಳು ಆಲೂರಿನ ಮೇಲಿಂದ ದಿನಾ ಬಸ್ಸಿನಲ್ಲಿ ಓಡಾಡಿದಳು. ಕಾಲೇಜಿನಲ್ಲಿ ಕಾಂಕ್ರೀಟಿನ ಬಗ್ಗೆ ನೋಟ್ಸ್ ಬರೆಸಿದರು, ಸೇತುವೆಯ ಬಗ್ಗೆ ನೋಟ್ಸ್ ಬರೆಸಿದರು, ಕೆಲಸದ ಸ್ಥಳದಲ್ಲಿ ಇಂಜಿನಿಯರ್ ಹೇಗಿರಬೇಕು ಎಂಬುದಕ್ಕೂ ನೋಟ್ಸ್ ಬರೆಸಿದರು. ಮೂರೂವರೆ ವರ್ಷದಲ್ಲಿ ಅವಳು ಎದ್ದು ನಿಲ್ಲುವುದನ್ನು ಕಣ್ಣಾರೆ ಕಂಡ ಗೋಡೆ ಒಂದೇ, ಕಾಲೇಜಿನ ಸೈಕಲ್ ಸ್ಟ್ಯಾಂಡಿನದು. ಅದನ್ನು ಕಟ್ಟಿದ್ದು ಒಬ್ಬ ಮೇಸ್ತ್ರಿ. ಪ್ರಾಧ್ಯಾಪಕರು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದರು.

ಆದರೂ ಅವಳಿಗೆ ಡಿಗ್ರಿ ಬೇಕಿತ್ತು. ಅದೂ ಅದೇ ಜೂನ್‌ನಲ್ಲಿ ಬೇಕಿತ್ತು. ಘಾಟಿಯ ಹಳೇ ರೈಲು ಹಳಿ ಕಿತ್ತು ಅಗಲದ ಹಳಿ ಹಾಕುವ ಕೆಲಸ ನಡೆಯುತ್ತಿದ್ದ ಕಾಲ. ಸಕಲೇಶಪುರದ ಜಬ್ಬಾರ್ ಸಾಹೇಬರು ದೋಣಿಗಲ್‌ನಿಂದ ಎಡಕುಮೇರಿ ಕಡೆಗೆ ಜಲ್ಲಿ ಸಾಗಿಸುತ್ತಿದ್ದರು. ಜಲ್ಲಿ ಸಾಗಿಸುವವರು ಮಣ್ಣಿನ ಕೆಲಸವನ್ನೂ ಹಿಡಿಯಬೇಕೆಂದರೆ ಹೆಸರಿನ ಜೊತೆ ಒಬ್ಬ ಬಿ.ಇ. ಇರಬೇಕೆಂದು ಮೇಲಿನ ಗುತ್ತಿಗೆದಾರರು ಹೇಳಿದ್ದರು. ಜಬ್ಬಾರ್ ಕೃಷ್ಣಪ್ಪನವರನ್ನು ಎಸ್ಟೇಟಿನ ಕಾಫಿ ಲೋಡಿನ ಕಾಲದಿಂದ ಬಲ್ಲವರು. "ನಿಮ್ಮ ಮಗಳೇ ಬರ್ಲಿ ರೈಟರೇ. ಆದ್ರೆ ಜೂನ್‌ಗೆ ಪಾಸಾಗಿರ್ಬೇಕು. ಡಿಸೆಂಬರ್ ಅಂದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗ್ತದೆ" ಅಂದಿದ್ದರು. ಕಾಫಿ ಬಿದ್ದ ವರ್ಷದಲ್ಲಿ ಸಿವಿಲ್ ಓದಿದ ಹುಡುಗಿಗೆ ಆ ಬೆಟ್ಟಗಳಲ್ಲಿ ಇದ್ದ ಕೆಲಸ ಅದೊಂದೇ.

ಜೂನ್‌ಗೆ ಅಡ್ಡವಾಗಿ ನಿಂತದ್ದು ಸರ್ವೆ ಕ್ಯಾಂಪ್.

ಸಿವಿಲ್ ಓದುವವರೆಲ್ಲ ಕೊನೆಯ ವರ್ಷದಲ್ಲಿ ಯಾವುದಾದರೂ ಹಳ್ಳಿಗೆ ಹೋಗಿ ಬೀಡುಬಿಟ್ಟು, ಅಲ್ಲಿ ಕಟ್ಟದ ಕೆರೆಗೆ, ಹಾಕದ ರಸ್ತೆಗೆ, ಎಳೆಯದ ಪೈಪಿಗೆ ಅಳತೆ ತೆಗೆಯಬೇಕು. ನಕ್ಷೆ ಬರೆದು, ಹೊರಗಿನ ಕಾಲೇಜಿನಿಂದ ಬರುವ ಪರೀಕ್ಷಕರ ಮುಂದೆ ಸಮರ್ಥಿಸಬೇಕು. ಅದರಲ್ಲಿ ಫೇಲಾದರೆ ಮತ್ತೆ ಕ್ಯಾಂಪ್, ಅಂದರೆ ಡಿಸೆಂಬರ್. ಹೀಗೆ ಕಾಗದದ ಮೇಲೆ ಹಾಸನ ಜಿಲ್ಲೆಯ ಪ್ರತಿ ಹಳ್ಳಕ್ಕೂ ಒಂದೆರಡು ಅಣೆಗಳಿವೆ. ಜಿಲ್ಲೆಯಲ್ಲಿ ನೀರಿನ ಕೊರತೆ ಯಾಕೆ ಇದೆ ಎಂಬುದು ಕಾಲೇಜಿನವರಿಗೆ ಅರ್ಥವಾಗದ ವಿಷಯ.

ಆ ವರ್ಷ ಕ್ಯಾಂಪಿನ ಹೊಣೆ ಪ್ರಾಧ್ಯಾಪಕ ಸಿದ್ದಬಸಪ್ಪನವರದು. ಮಡಚುವ ಕುರ್ಚಿ, ಛತ್ರಿ, ದಿನಪತ್ರಿಕೆ, ಇವು ಅವರ ಸರ್ವೆ ಉಪಕರಣಗಳು. ಊರು ಆರಿಸಲು ಅವರು ನಕ್ಷೆ ನೋಡಲಿಲ್ಲ. ಕ್ಲಾಸಿನಲ್ಲಿ ನಿಂತು, "ಯಾರ ಊರಲ್ಲಿ ಶಾಲೆ ಕಟ್ಟಡ ಸಿಗುತ್ತೆ, ಹಾಲು ಚೆನ್ನಾಗಿ ಸಿಗುತ್ತೆ?" ಎಂದು ಕೇಳಿದರು. ಹಿಂದಿನ ಬೆಂಚಿನ ಶಿವು ಎಂಬ ಹುಡುಗ, "ಸುಚಿತ್ರನ ಊರಲ್ಲಿ ಸಾರ್" ಅಂದುಬಿಟ್ಟ. ಅವನು ಆ ಊರು ಕಂಡವನಲ್ಲ.

ಸಂಪಿಗೆಕೊಪ್ಪಲು ಕುಂದೂರು ಹೋಬಳಿಯ ಅಂಚಿನಲ್ಲಿದೆ. ಎರಡು ಗುಡ್ಡದ ನಡುವೆ ಒಂದು ಹಳ್ಳ, ಹಳ್ಳದ ಇಕ್ಕೆಲದಲ್ಲಿ ಗದ್ದೆ. ಪ್ರಾಧ್ಯಾಪಕರು ಹಾಲಿನ ಬಗ್ಗೆ ವಿಚಾರಿಸಿದರೇ ಹೊರತು ಜನರ ಬಗ್ಗೆ ವಿಚಾರಿಸಲಿಲ್ಲ. ಆ ಊರಿನ ಅರ್ಧ ಮನೆಯವರು ಹೇಮಾವತಿಯ ಹಿನ್ನೀರಿಗೆ ಹಳೇ ಊರು ಬಿಟ್ಟು ಇಲ್ಲಿ ಬಂದು ನೆಲೆ ನಿಂತವರು. ಬೇರೆ ಹಳ್ಳಿಯವರು ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದ ಹುಡುಗರನ್ನು ಕಂಡರೆ ನಗುತ್ತಾರೆ. ಈ ಊರಿನವರು ನಗಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಕೊಯ್ಲಾದ ಗದ್ದೆ ಬಯಲಿನಲ್ಲಿ ಮೂರು ಕಾಲಿನ ಮೇಲೆ ಮಟ್ಟ ನೋಡುವ ದುರ್ಬೀನು ನಿಂತಿತು. ಸುಚಿತ್ರಾಳ ತಂಡಕ್ಕೆ ಸಿಕ್ಕಿದ್ದು ಹೊಸ ಕೆರೆ. ಹಳ್ಳಕ್ಕೆ ಅಡ್ಡ ಏರಿ ಹಾಕಿದರೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೆಲದ ಮೇಲೇ ಗುರುತಿಸಬೇಕು. ಏರಿಯ ಒಂದು ತುದಿಯಿಂದ ಹೊರಟು, ಒಂದೇ ಎತ್ತರದಲ್ಲಿ ಗೂಟ ಹೊಡೆಯುತ್ತ, ಗೂಟದಿಂದ ಗೂಟಕ್ಕೆ ಸುಣ್ಣದ ಗೆರೆ ಎಳೆಯುತ್ತ, ಕಣಿವೆಯನ್ನು ಸುತ್ತಿ ಏರಿಯ ಇನ್ನೊಂದು ತುದಿ ಸೇರಬೇಕು. ಹೊರಟ ಎತ್ತರಕ್ಕೇ ಬಂದು ಸೇರಿದರೆ ಸರ್ವೆ ಸರಿ.

ಗೆರೆ ಅರ್ಧ ಫರ್ಲಾಂಗ್ ಹೋಗುವುದರೊಳಗೆ ಊರು ಗದ್ದೆ ಬದುವಿನ ಮೇಲಿತ್ತು.

"ಏನವ್ವ ಸುಚಿತ್ರಾ, ಡ್ಯಾಮಾ?" ಎಂದು ಮೊದಲು ಕೇಳಿದವರು ಗುಂಡಯ್ಯ, ಹಾಲಿನ ಡೈರಿಯ ಅಧ್ಯಕ್ಷರು.

"ಅಲ್ಲ ಮಾವ, ಪರೀಕ್ಷೆ. ನಾವು ಓದೋರು. ಸುಮ್ನೆ ಅಳತೆ."

ಗುಂಡಯ್ಯ ಪಕ್ಕದವರನ್ನು ನೋಡಿ ಕಣ್ಣು ಮಿಟುಕಿಸಿದರು. "ಅವತ್ತೂ ಹಿಂಗೇ ಅಂದಿದ್ರು, ಸುಮ್ನೆ ಅಳತೆ ಅಂತ. ನೋಡ್ರಪ್ಪ, ನಮ್ಮ ಹುಡುಗೀನೇ ಗುಟ್ಟು ಬುಡ್ತಿಲ್ಲ ಅಂದ್ರೆ ದೊಡ್ಡ ಡ್ಯಾಮೇ ಇರ್ಬೇಕು."

ಸತ್ಯ ಹೇಳಿದ್ದಕ್ಕೆ ಸಿಕ್ಕ ಫಲ ಅದು. ಅವಳು ಒತ್ತಿ ಹೇಳಿದಷ್ಟೂ ಅಣೆಕಟ್ಟು ಎತ್ತರವಾಗುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕ್ಯಾಂಪಿಗೆ ಗುಂಡಯ್ಯನವರ ಕಡೆಯಿಂದ ಒಂದು ನಾಟಿಕೋಳಿ ಬಂತು. ಸಿದ್ದಬಸಪ್ಪನವರು ಅದನ್ನು ಗ್ರಾಮೀಣ ಜನರ ವಿದ್ಯಾಪ್ರೇಮ ಎಂದು ಬಗೆದು ಸ್ವೀಕರಿಸಿದರು.

ಕೋಳಿಗೆ ಕಾರಣವಿತ್ತು. ಗುಂಡಯ್ಯನವರಿಗೆ ಪೂರ್ವದ ಇಳಿಜಾರಿನಲ್ಲಿ ಮೂರು ಎಕರೆ ಬಂಡೆ ಇತ್ತು. ಅದರಲ್ಲಿ ಹುಲ್ಲೂ ಬೆಳೆಯುತ್ತಿರಲಿಲ್ಲ. ಹಳೇ ಊರು ಮುಳುಗಿದ ಕಾಲದಿಂದ ಅವರು ಕಲಿತ ಪಾಠ ಒಂದೇ: ಮುಳುಗುವ ಜಮೀನು ಯಾವುದೆಂದು ಮೊದಲೇ ಗೊತ್ತಿರಬೇಕು, ಅದರಲ್ಲಿ ಪರಿಹಾರಕ್ಕೆ ಎಣಿಸುವಂಥದ್ದು ಏನಾದರೂ ಇರಬೇಕು. ವಿದ್ಯಾರ್ಥಿಗಳ ಗೆರೆ ಆ ಬಂಡೆಗಿಂತ ಕೊಂಚ ಕೆಳಗೆ ಹಾದುಹೋಗಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಆ ಭಾಗದ ಗೂಟಗಳು ಇಳಿಜಾರು ಹತ್ತಿ ಬಂಡೆಯ ನೆತ್ತಿಗೆ ಬಂದಿದ್ದವು. ಬಂಡೆಯ ಬಿರುಕುಗಳಲ್ಲಿ ಸಿಲ್ವರ್ ಓಕ್ ಸಸಿಗಳನ್ನು ನೆಟ್ಟು, ಆ ಬಿಸಿಲಿನಲ್ಲಿ ಕೊಡದಲ್ಲಿ ನೀರು ಹೊಯ್ಯಲು ಇಬ್ಬರು ಆಳುಗಳನ್ನೂ ಬಿಟ್ಟಿದ್ದರು.

ಕಣಿವೆಯ ತಲೆಭಾಗದಲ್ಲಿ ಇದಕ್ಕೆ ತದ್ವಿರುದ್ಧ ಕೆಲಸ ನಡೆದಿತ್ತು. ಅಲ್ಲಿ ಹುಲಿಯಮ್ಮನ ಗದ್ದೆ ಇತ್ತು. ಗೆರೆ ಅದನ್ನು ಪೂರ್ತಿ ನೀರೊಳಗೆ ಹಾಕಿತ್ತು. ಹುಲಿಯಮ್ಮ ಅಷ್ಟೂ ಗೂಟಗಳನ್ನು ಕಿತ್ತು, ಸುಣ್ಣದ ಮೇಲೆ ಮಣ್ಣು ಎಳೆದು, ಗೂಟಗಳನ್ನು ತನ್ನ ಗದ್ದೆಯ ಕೆಳಗಿನ ಬದುವಿನಾಚೆ ಸಾಲಾಗಿ ನೆಟ್ಟಿದ್ದಳು. ಹಗ್ಗ ಹಿಡಿದು ನೆಟ್ಟಿದ್ದರಿಂದ ಅವು ಹುಡುಗರ ಗೂಟಕ್ಕಿಂತ ನೇರವಾಗಿದ್ದವು.

ಪ್ರತಿ ದಿನ ಹಿಂದಿನ ದಿನದ ಕೊನೆಯ ಗೂಟದಿಂದ ಅಳತೆ ಮುಂದುವರಿಸುತ್ತಿದ್ದ ತಂಡ, ಕೊನೆಗೂ ಕಣಿವೆ ಸುತ್ತಿ ಏರಿಯ ಇನ್ನೊಂದು ತುದಿಗೆ ಬಂತು. ಮಟ್ಟ ನೋಡಿದರೆ ಹೊರಟ ಜಾಗಕ್ಕೂ ಸೇರಿದ ಜಾಗಕ್ಕೂ ಒಂದು ಆಳಿನಷ್ಟು ಎತ್ತರದ ವ್ಯತ್ಯಾಸ.

ಸಿದ್ದಬಸಪ್ಪನವರು ಪತ್ರಿಕೆ ಮಡಚಿ ನಕ್ಷೆ ನೋಡಿದರು. "ಒಂದು ಕಡೆ ನೀರು ಗುಡ್ಡ ಹತ್ತಿದೆ, ಇನ್ನೊಂದು ಕಡೆ ಇಳಿದು ನಿಂತಿದೆ. ಓರೆಯಾಗಿ ನಿಲ್ಲೋ ಕೆರೆ ನನ್ನ ಸರ್ವಿಸ್‌ನಲ್ಲೇ ಮೊದಲನೇದು" ಅಂದರು. ಆಮೇಲೆ ದನಿ ತಗ್ಗಿಸಿ, "ಅಡುಗೆ ಮಾಡ್ಕೊಳ್ಳಿ" ಅಂದರು.

ಅಡುಗೆ ಎಂದರೆ ಸರ್ವೆ ಕ್ಯಾಂಪುಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬಂದ ವಿದ್ಯೆ. ಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ತೆಗೆಯದ ಅಳತೆಗಳನ್ನು ತೆಗೆದಂತೆ ಬರೆಯುವುದು. ಉಳಿದ ತಂಡಗಳು ಆಗಲೇ ಒಲೆ ಹಚ್ಚಿದ್ದವು. ರಸ್ತೆಯ ತಂಡ ಶಾಲೆಯ ಜಗಲಿ ಬಿಟ್ಟು ಇಳಿಯದೆ ಎರಡು ಕಿಲೋಮೀಟರ್ ರಸ್ತೆ ಮುಗಿಸಿತ್ತು.

"ಮಾಡೋಣ ಕಣೇ. ಹುಲಿಯಮ್ಮನ ಕೈಲಿ ಗೂಟ ಕೀಳಿಸ್ಕೊಂಡು ಸಾಯೋದಕ್ಕಿಂತ ಇದು ವಾಸಿ" ಅಂದ ಅವಳ ತಂಡದಲ್ಲೇ ಇದ್ದ ಶಿವು.

"ಈ ಸಲದ ಎಕ್ಸ್‌ಟರ್ನಲ್ ಯಾರು ಗೊತ್ತಾ? ಹೋದ ವರ್ಷ ಅಡುಗೆ ಮಾಡಿದ ಒಂದು ತಂಡಾನೇ ವಾಪಸ್ ಕಳಿಸಿದಾರೆ. ನಿನಗೆ ಡಿಸೆಂಬರ್ ಆದ್ರೂ ನಡೆಯುತ್ತೆ. ನನಗೆ ನಡೆಯಲ್ಲ" ಅಂದಳು ಸುಚಿತ್ರಾ.

"ನಮ್ಮಪ್ಪಂಗೂ ಜಲ್ಲಿ ಸಾಹೇಬರ ಪರಿಚಯ ಇದ್ದಿದ್ರೆ ನಾನೂ ಹರಿಶ್ಚಂದ್ರನೇ ಆಗ್ತಿದ್ದೆ ಬಿಡು."

ಸುಚಿತ್ರಾ ನೇರ ಹುಲಿಯಮ್ಮನ ಗದ್ದೆಗೆ ಹೋದಳು. ಹುಲಿಯಮ್ಮ ಬದುವಿನ ಹುಲ್ಲು ಕೊಯ್ಯುತ್ತಿದ್ದಳು. ಮದುವೆಯಾಗಿ ಹೊಸದಾಗಿ ಸೇರಿದ್ದ ಹಳೇ ಊರು ಹೇಮಾವತಿಯ ನೀರಿಗೆ ಹೋದಾಗ ಅವಳಿಗೆ ಇಪ್ಪತ್ತೂ ದಾಟಿರಲಿಲ್ಲ. ಬಾಯಿಗೆ ಊರಿನಲ್ಲಿ ಹೆಸರಾದವಳು.

"ಬಾರವ್ವ ಇಂಜಿನಿಯರಮ್ಮ. ಗೂಟ ಕದ್ದೆ ಅಂತ ಪೋಲೀಸ್ನೋರ ಕರ್ಕೊಂಡು ಬಂದ್ಯಾ?"

"ಇಲ್ಲ ದೊಡ್ಡವ್ವ. ಗೂಟ ಅಲ್ಲೇ ಇರೋಕೆ ಬಿಡು ಅಂತ ಕೇಳೋಕೆ ಬಂದೆ. ಇದು ಬರೀ ಪರೀಕ್ಷೆ. ಆಣೆ ಬೇಕಾದ್ರೆ ಮಾಡ್ತೀನಿ. ಕೆರೆನೂ ಇಲ್ಲ, ನೀರೂ ಇಲ್ಲ, ಕಾಗದ ಅಷ್ಟೆ."

"ಕಾಗದವೇ?"

"ಕಾಗದವೇ."

"ನಿಜಕ್ಕೂ ನೀರು ಬರಲ್ಲ?"

"ಬರಲ್ಲ."

ಹುಲಿಯಮ್ಮ ಕುಡುಗೋಲು ಕೆಳಗಿಟ್ಟಳು. "ಹಂಗಾದ್ರೆ ನನ್ನ ಗದ್ದೆ ಬುಟ್ಟು ಬರ್ಕೋ. ಬರೋ ನೀರೇ ಅಲ್ಲ ಅಂತೀಯ. ಇಲ್ದಿರೋ ನೀರು ಎಲ್ಲಿ ನಿಂತ್ರೆ ನಿಂಗೇನವ್ವ? ಒಂದ್ಸಲ ನಿಜವಾಗ್ಲೂ ಮುಳುಗಿಸ್ಬುಟ್ರು, ಹೋಗ್ಲಿ. ಈಗ ಸುಳ್ಳಿಗೂ ನನ್ನ ಗದ್ದೇನೇ ಬೇಕಾ ನಿಮ್ಗೆ? ಮೊದ್ಲು ಸುಣ್ಣ ಬತ್ತದೆ, ಆಮ್ಯಾಕೆ ನೀರು ಬತ್ತದೆ. ನಾನು ಕಂಡಿರೋದು ಅಷ್ಟೆ."

ನೀರು ತುಂಬಿ ನಿಲ್ಲುವ ಮಟ್ಟವನ್ನು ಆರಿಸಲು ಪುಸ್ತಕ ಹಲವು ಕಾರಣ ಕೊಡುತ್ತದೆ: ಮಳೆ, ಮಣ್ಣು, ಏರಿಯ ಉದ್ದ, ಖರ್ಚು. ಹುಲಿಯಮ್ಮ ಆ ಪಟ್ಟಿಯಲ್ಲಿ ಬರುವುದಿಲ್ಲ. ಸುಚಿತ್ರಾ ಕ್ಯಾಂಪಿದ್ದ ಶಾಲೆಗೆ ಹೋಗಿ, ನೀರಿನ ಮಟ್ಟವನ್ನು ಎರಡು ಮೀಟರ್ ಕೆಳಗಿಳಿಸಿ ಮೊದಲಿನಿಂದ ಅಳೆಯುವುದಾಗಿ ಸಿದ್ದಬಸಪ್ಪನವರಿಗೆ ಹೇಳಿದಳು.

"ಯಾಕೆ?"

"ಆ ಗದ್ದೆ ಹೊರಗುಳಿಯುತ್ತೆ ಸಾರ್."

"ನೀರು ಮೂರರಲ್ಲಿ ಒಂದು ಪಾಲೂ ಉಳಿಯಲ್ಲಮ್ಮ. ಆ ಏರಿ ಕಟ್ಟೋ ಖರ್ಚಿಗೆ ಈ ಊರಿನ ಗದ್ದೆಗೆಲ್ಲ ಹೊಳೆನರಸೀಪುರದಿಂದ ಟ್ಯಾಂಕರ್‌ನಲ್ಲಿ ನೀರು ತರಿಸ್ಬಹುದು."

"ಹೇಗೂ ಕಟ್ಟಲ್ವಲ್ಲ ಸಾರ್."

ಸಿದ್ದಬಸಪ್ಪನವರು ಪತ್ರಿಕೆ ಬಿಚ್ಚಿದರು.

ಹೊಸ ಗೆರೆ ಹುಲಿಯಮ್ಮನ ಕೆಳಬದುವಿಗೂ ಕೆಳಗೆ, ಗುಂಡಯ್ಯನವರ ಬಂಡೆಗೆ ಬಹುದೂರದಲ್ಲಿ ಹಾದುಹೋಯಿತು. ಅಷ್ಟು ದೂರ ಗೂಟ ಹೊತ್ತೊಯ್ಯುವುದು ಗುಂಡಯ್ಯನವರಿಗೂ ನಾಚಿಕೆಯ ವಿಷಯವಾಯಿತು. ಆದರೂ ಆಳುಗಳನ್ನು ಒಂದು ಸಲ ಕಳಿಸಿ ನೋಡಿದರು. ಆಗ ತಿಳಿದದ್ದು, ಗೂಟ ಕೀಳುತ್ತಿದ್ದ ಹುಲಿಯಮ್ಮ ಈಗ ಗೂಟ ಕಾಯುತ್ತಿದ್ದಾಳೆಂದು. ಅವಳ ಪಾಲಿಗೆ ಈ ಗೆರೆ ನೀರಿಗೆ ಹಾಕಿದ ಬೇಲಿ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಸು ಬಿಟ್ಟುಕೊಂಡು, ಅವಳು ಹಗಲೆಲ್ಲ ಗೆರೆಗುಂಟ ಓಡಾಡಿದಳು.

"ಯಾವನ್ಲಾ ಅವ್ನು ಗೂಟ ಮುಟ್ಟೋನು? ಸರ್ಕಾರದ ಗೂಟ ಕಣ್ಲಾ ಅದು! ಗುಂಡಯ್ಯಂಗೆ ಹೇಳೋಗು, ಬಂಡೆ ಮುಳುಗಿಸ್ಕೊಬೇಕು ಅಂದ್ರೆ ಕೊಡದಲ್ಲಿ ನೀರು ಹುಯ್ಸಾನಲ್ಲ, ಹಂಗೇ ಹುಯ್ಸಿ ಮುಳುಗಿಸ್ಕೊಳ್ಳಿ ಅಂತ."

ಯಾವ ಕ್ಯಾಂಪಿಗೂ ಸಿಗದ ಕಾವಲು ಸಿಕ್ಕಿದ್ದರಿಂದ ಅಳತೆ ನಡೆಯಿತು. ಗೆರೆ ಕಣಿವೆ ಸುತ್ತಿ ಬಂದು ಏರಿಯ ಇನ್ನೊಂದು ತುದಿ ಸೇರಿದಾಗ ವ್ಯತ್ಯಾಸ ಒಂದು ಬೆರಳಿನಷ್ಟೂ ಇರಲಿಲ್ಲ. ಶಿವು ದುರ್ಬೀನಿನಿಂದ ಕಣ್ಣು ತೆಗೆದು, "ಇದು ಅನುಮಾನ ಬರೋ ಹಂಗೈತೆ ಕಣೇ" ಅಂದ.

ಅವನು ಆ ವರ್ಷ ಆಡಿದ ಏಕೈಕ ತಾಂತ್ರಿಕ ಮಾತು ನಿಜವಾಯಿತು.

ಪರೀಕ್ಷೆಯ ದಿನ ಬಂದ ಹೊರಗಿನ ಪರೀಕ್ಷಕರು ಸಣ್ಣ ಮೈಯ, ದಪ್ಪ ಕನ್ನಡಕದ ಮನುಷ್ಯ. ಅಡುಗೆ ಮಾಡಿದ ತಂಡಗಳು ಅನುಭವಿಗಳ ಸಲಹೆಯಂತೆ ತಮ್ಮ ಲೆಕ್ಕದಲ್ಲಿ ನಂಬುವಂಥ ಒಂದಿಷ್ಟು ತಪ್ಪನ್ನು ಉಳಿಸಿಕೊಂಡಿದ್ದವು. ಪರೀಕ್ಷಕರು ಆ ತಪ್ಪುಗಳನ್ನು ಕಂಡು, "ಫೀಲ್ಡ್‌ನಲ್ಲಿ ಇಷ್ಟು ಆಗುತ್ತೆ" ಎಂದು ಸಮಾಧಾನ ಹೇಳಿ ಕಳಿಸಿದರು. ಜಗಲಿ ಇಳಿಯದ ರಸ್ತೆಗೆ ಒಳ್ಳೆಯ ಮಾತೂ ಸಿಕ್ಕಿತು. ಸುಚಿತ್ರಾಳ ಹಾಳೆಗೆ ಬಂದಾಗ ಅವರ ಪೆನ್ನು ನಿಂತಿತು.

"ಇಷ್ಟು ಚೆನ್ನಾಗಿ ಸೇರಿದೆ?"

"ಹೌದು ಸಾರ್."

"ಆ ಗುಡ್ಡಗಾಡಲ್ಲಿ? ವಿದ್ಯಾರ್ಥಿಗಳ ಕೈಯಲ್ಲಿ?" ಅವರು ಸಿದ್ದಬಸಪ್ಪನವರತ್ತ ತಿರುಗಿದರು. "ತಾವು ಸ್ಥಳದಲ್ಲಿ ಇದ್ರಾ?"

"ಪೂರ್ತಿ ಇದ್ದೆ" ಅಂದರು ಸಿದ್ದಬಸಪ್ಪ. ಅದು ನಿಜವೇ. ಕುರ್ಚಿ ಸ್ಥಳದಲ್ಲೇ ಇತ್ತು.

"ಅಡುಗೆ ಇದು" ಎಂದರು ಪರೀಕ್ಷಕರು. "ಇದನ್ನ ವಾಪಸ್ ಕಳಿಸ್ಬೇಕಾಗುತ್ತೆ."

ಡಿಸೆಂಬರ್ ಎಂಬ ತಿಂಗಳು ಮೇಜಿನಾಚೆ ಕನ್ನಡಕ ಹಾಕಿಕೊಂಡು ಕೂತಿತ್ತು. ನಾವು ನಿಜವಾಗಿ ಅಳೆದೆವು ಎಂದು ಹೇಳುವುದರಿಂದ ಪ್ರಯೋಜನವಿಲ್ಲವೆಂದು ಸಂಪಿಗೆಕೊಪ್ಪಲು ಸುಚಿತ್ರಾಳಿಗೆ ಚೆನ್ನಾಗಿ ಕಲಿಸಿತ್ತು.

ಪರೀಕ್ಷಕರು ಹಾಳೆ ತಿರುವಿ ಹಾಕುತ್ತ ನೀರಿನ ಲೆಕ್ಕದ ಪುಟಕ್ಕೆ ಬಂದರು. ಹುಬ್ಬು ಮೇಲೇರಿತು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದೇನಮ್ಮ? ಇಷ್ಟುದ್ದ ಏರಿಗೆ ಇಷ್ಟೇ ನೀರಾ? ಈ ಮಟ್ಟ ಯಾಕೆ ಇಟ್ಟೆ?"

"ಅದಕ್ಕಿಂತ ಮೇಲೆ ಹುಲಿಯಮ್ಮನ ಗದ್ದೆ ಇದೆ ಸಾರ್."

"ಯಾರದು?"

"ಹುಲಿಯಮ್ಮ. ಹೇಮಾವತಿಗೆ ಒಂದು ಸಲ ಜಮೀನು ಕೊಟ್ಟವರು. ಕಾಗದದ ಮೇಲಾದ್ರೂ ಎರಡನೇ ಸಲ ಬೇಡ ಅಂದ್ರು. ಮಟ್ಟ ಇಳಿಸದಿದ್ರೆ ಗೂಟ ಇಡೋಕೆ ಬಿಡ್ತಿರಲಿಲ್ಲ. ಇಳಿಸಿದ ಮೇಲೆ ಅವರೇ ಕಾದ್ರು. ಅದಕ್ಕೇ ಅಳತೆ ಸೇರಿದ್ದು."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು, ಬಹುಶಃ ಶಿವು. ಪರೀಕ್ಷಕರು ನಗಲಿಲ್ಲ. ಆ ಪುಟದ ಮೇಲೆ ಬೆರಳಿಟ್ಟು ಸಿದ್ದಬಸಪ್ಪನವರಿಗೆ ಹೇಳಿದರು: "ಸಾರ್, ಹದಿನೈದು ವರ್ಷದಿಂದ ಅಡುಗೆ ನೋಡ್ತಿದೀನಿ. ಅಡುಗೆ ಮಾಡೋರು ಯಾವತ್ತೂ ಒಳ್ಳೆ ಕೆರೆ ಮಾಡ್ತಾರೆ. ಇಷ್ಟು ಕೆಟ್ಟ ಕೆರೇನ ಯಾರೂ ಸುಳ್ಳುಸುಳ್ಳೇ ಬರೆಯಲ್ಲ. ಇದು ಅಳೆದದ್ದೇ."

ಸರ್ವೆಗೆ ಪೂರ್ತಿ ಅಂಕ, ವಿನ್ಯಾಸಕ್ಕೆ ಸೊನ್ನೆಯ ಪಕ್ಕದ ಏನೋ ಒಂದು. ಕೂಡಿದರೆ ಪಾಸಿನ ಗೆರೆ ಮುಟ್ಟಿತು, ದಾಟಲಿಲ್ಲ. ಕ್ಲಾಸಿನಲ್ಲಿ ಅದೇ ಅತಿ ಕಡಿಮೆ. ರಸ್ತೆಯ ತಂಡ ಡಿಸ್ಟಿಂಕ್ಷನ್ ಪಡೆಯಿತು.

ಊರಿನಲ್ಲಿ ಫಲಿತಾಂಶ ಬೇರೆಯಾಗಿತ್ತು. ಡ್ಯಾಮ್ ಬರಲಿಲ್ಲ. ಬರುವುದಿತ್ತು, ರೈಟರ್ ಮಗಳು ತಪ್ಪಿಸಿದಳು ಎಂದು ಅರ್ಧ ಊರು ನಂಬಿತು. ಮನೆಯಲ್ಲಿ ಅವಳ ತಾಯಿ ಸುಮಿತ್ರಮ್ಮನಿಗೆ ಬೆಣ್ಣೆ, ಬಾಳೆಗೊನೆ ಇಟ್ಟುಕೊಳ್ಳಲು ಜಾಗ ಸಾಲದಾಯಿತು. ಉಳಿದರ್ಧ ಊರು ಗುಂಡಯ್ಯನವರ ನೇತೃತ್ವದಲ್ಲಿ, ಸರ್ಕಾರ ಮನೆ ಬಾಗಿಲಿಗೆ ತಂದದ್ದನ್ನು ಒಂದು ಹುಡುಗಿ ಕಾಲಲ್ಲಿ ಒದ್ದಳೆಂದು ಡೈರಿಯ ಜಗಲಿಯಲ್ಲಿ ಕೂತು ಮರುಗಿತು. ಎರಡೂ ಕಡೆಯವರಿಗೆ ಸತ್ಯ ಹೇಳುವುದನ್ನು ಅವಳು ಅಷ್ಟರಲ್ಲಿ ಬಿಟ್ಟಿದ್ದಳು.

ಜೂನ್‌ನಲ್ಲಿ ತಾತ್ಕಾಲಿಕ ಸರ್ಟಿಫಿಕೇಟ್ ಹಿಡಿದು ಅಪ್ಪನ ಜೊತೆ ದೋಣಿಗಲ್‌ಗೆ ಹೋದಳು. ಜಬ್ಬಾರ್ ಸಾಹೇಬರು ತಗಡಿನ ಶೆಡ್ಡಿನಲ್ಲಿ ಕೂತು ಮಳೆ ನೋಡುತ್ತಿದ್ದರು. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಓದಿದರು, ತಮ್ಮ ಹುಡುಗನೇ ಪಾಸಾದಷ್ಟು ಸಂತೋಷಪಟ್ಟರು, ಜೆರಾಕ್ಸಿಗೆ ಕಳಿಸಿದರು, ಚಹಾ ತರಿಸಿದರು.

"ಸಂಬಳ ತಿಂಗಳಿಗೆ ಸರಿಯಾಗಿ ಮನೆಗೇ ಬರ್ತದೆ ಬೇಟಾ. ನೀನು ಈ ಮಳೆ, ಕೆಸರು, ಜಿಗಣೆ ಮಧ್ಯೆ ಬರೋದೇನೂ ಬೇಡ. ಹೆಸರು ಇದ್ರೆ ಸಾಕು. ಮುಂಚೆ ಬೇರೆ ಕೆಲಸಕ್ಕೆ ಒಬ್ರಿದ್ರು ಮಂಗಳೂರಿನವರು, ಎರಡು ವರ್ಷ ಇದ್ರು, ಮುಖಾನೇ ನೋಡಿಲ್ಲ ನಾನು. ಬಹಳ ಒಳ್ಳೇ ಇಂಜಿನಿಯರ್."

ಕೃಷ್ಣಪ್ಪನವರಿಗೆ ಇದು ವರದಂತೆ ಕೇಳಿಸಿತು. ದಾರಿಯುದ್ದಕ್ಕೂ ಮಗಳಿಗೆ ಅದನ್ನೇ ವಿವರಿಸಿದರು.

ಮರುದಿನ ಬೆಳಿಗ್ಗೆ ಅವಳು ಮೊದಲ ಬಸ್ಸು ಹತ್ತಿ, ರಬ್ಬರ್ ಬೂಟು ಹಾಕಿಕೊಂಡು ಶೆಡ್ಡಿನ ಮುಂದೆ ಇಳಿದಳು. ಜಬ್ಬಾರ್ ಸಾಹೇಬರು ಏನೋ ಅನಾಹುತವಾಗಿದೆಯೆಂದು ಎದ್ದು ನಿಂತರು.

"ಯಾಕಮ್ಮ, ಸರ್ಟಿಫಿಕೇಟ್ ವಾಪಸ್ ಬೇಕಾ?"

"ಇಲ್ಲ ಚಾಚಾ. ಕೆಲಸಕ್ಕೆ ಬಂದೆ."

ಅವರು ಆಚೀಚೆ ನೋಡಿದರು. ಇಂಜಿನಿಯರ್ ಬಂದರೆ ಏನು ಮಾಡಿಸಬೇಕೆಂದು ಆ ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೂರಿಸಲು ಎರಡನೇ ಕುರ್ಚಿಯೂ ಇರಲಿಲ್ಲ.

"ಬಂದು ಏನು ಮಾಡ್ತೀಯ?"

"ಮಟ್ಟ ನೋಡ್ತೀನಿ" ಎಂದು ಅವಳು ಮಳೆಯಲ್ಲೇ ಹಳಿಯ ಕಡೆ ನಡೆದಳು.